ರೆಪ್ರಿಮಾಂಡ್: ಮಾತಿನ ಶಿಕ್ಷೆ ಯಾರಿಗೆ?

ತೊಂಬತ್ತರ ದಶಕದ ಆರಂಭದ ಮಾತು. ನಮ್ಮ ತಂದೆ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಒಂದು ಸಂಜೆ ಶಿವಾಜಿನಗರದ ನಮ್ಮ ಬಾಡಿಗೆ ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನಮ್ಮ ಮುಂದೆ ಹಿಡಿದರು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಸೇರಿ, ಅಲ್ಲಿ ಇಂಗ್ಲಿಷ್ ಪಾಠವನ್ನೂ ಕಲಿಯುತ್ತಿದ್ದ ನಾವೇ ಆ ಮನೆಯ ಇಂಗ್ಲಿಷ್ ಪಂಡಿತರು. ಕಾಗದದಲ್ಲಿದ್ದ ಒಂದು ಪದದ ಕೆಳಗೆ ತಂದೆ ಉಗುರಿನಿಂದ ಗೆರೆ ಎಳೆದು, ‘ಇದರ ಮಾಯನೆ ಏನು ನೋಡು’ ಎಂದರು. ಪದ ‘ಸೆನ್ಷರ್’.

ಕಚೇರಿಯಲ್ಲಿ ಒಂದು ಕಡತ ಕಾಣೆಯಾಗಿತ್ತು. ಹದಿನೈದು ದಿನಗಳ ನಂತರ ಬೇರೊಂದು ಕಪಾಟಿನಲ್ಲಿ ಸಿಕ್ಕಿತು. ತಂದೆ ಅದನ್ನು ಜವಾನನ ಕೈಗೆ ಕೊಟ್ಟಿದ್ದರು, ಜವಾನ ಅದನ್ನು ತಪ್ಪು ಕಪಾಟಿನಲ್ಲಿ ಇಟ್ಟಿದ್ದ. ಇಬ್ಬರಿಗೂ ಒಂದೇ ದಿನ ಮೆಮೊ ಬಂತು. ತಂದೆಗೆ ‘ಸೆನ್ಷರ್’. ಜವಾನನಿಗೆ ಐವತ್ತು ರೂಪಾಯಿ ದಂಡ.

ನಾವು ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡಿದ್ದ ನಿಘಂಟನ್ನು ತೆರೆದೆವು. ಅದು ‘ಸೆನ್ಷರ್’ ಪದದಿಂದ ನಮ್ಮನ್ನು ಇನ್ನೊಂದು ಪದದ ಬಳಿಗೆ ಕಳಿಸಿತು: ‘ರೆಪ್ರಿಮಾಂಡ್’. ಮೇಲಿನವರು ಕೆಳಗಿನವರಿಗೆ, ಅಧಿಕಾರದ ಬಲದಿಂದ, ಔಪಚಾರಿಕವಾಗಿ ಹೇಳುವ ಕಟುಮಾತು ಎಂಬ ಅರ್ಥ ಅಲ್ಲಿತ್ತು. ‘ಅಬ್ಬಾ, ಬೈಗುಳ ಅಷ್ಟೆ’ ಎಂದೆವು ನಾವು. ತಂದೆ ನಗಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ‘ನನಗೆ ಮಾತು, ಅವನಿಗೆ ದುಡ್ಡು. ತಪ್ಪು ಮಾತ್ರ ಒಂದೇ’ ಎಂದರು.

ಆ ವಾಕ್ಯದ ಅರ್ಥ ಅಂದು ನಮಗೆ ಆಗಲಿಲ್ಲ. ಅನಂತರ ಬೆಂಗಳೂರು ದಂಡಿನ ಪ್ರದೇಶದ ಚರಿತ್ರೆಯನ್ನು ಓದುತ್ತಾ ಬಂದಾಗ, ಇದೇ ‘ರೆಪ್ರಿಮಾಂಡ್’ ಪದ ನಮಗೆ ಮತ್ತೊಮ್ಮೆ ಎದುರಾಯಿತು. ಎರಡು ಶತಮಾನಗಳ ಹಿಂದೆ ಈ ಒಂದು ಪದ ದಕ್ಷಿಣ ಭಾರತದ ಇಡೀ ಕಂಪೆನಿ ಸೈನ್ಯವನ್ನು ಬಂಡಾಯದ ಅಂಚಿಗೆ ತಂದಿತ್ತು. ಆ ಜಗಳದಲ್ಲಿ ಮಾತು ಯಾರ ಪಾಲಿಗೆ ಬಂತು, ಕತ್ತಿ ಯಾರ ಪಾಲಿಗೆ ಬಂತು ಎಂದು ನೋಡಿದಾಗ ತಂದೆಯ ಮಾತು ನೆನಪಾಯಿತು.

ಮೊದಲು ಪದವನ್ನೇ ನೋಡೋಣ. ‘ರೆಪ್ರಿಮಾಂಡ್’ ಲ್ಯಾಟಿನ್ ಮೂಲದ್ದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಮೂಲದಲ್ಲಿ ಅದಕ್ಕೆ ‘ಹಿಂದಕ್ಕೆ ಒತ್ತು, ತಡೆ’ ಎಂಬ ಅರ್ಥ. ‘ಸೆನ್ಷರ್’ ಪದವೂ ಲ್ಯಾಟಿನ್ನಿನದೇ. ಪ್ರಾಚೀನ ರೋಮಿನಲ್ಲಿ ಜನಗಣತಿ ಮಾಡಿ, ನಾಗರಿಕರ ನಡತೆಯನ್ನೂ ತೂಗಿ, ತಪ್ಪಿದವರ ಹೆಸರಿನ ಮುಂದೆ ಕಪ್ಪುಗುರುತು ಹಾಕುತ್ತಿದ್ದ ಅಧಿಕಾರಿಗೆ ‘ಸೆನ್ಸಾರ್’ ಎಂದು ಹೆಸರಿತ್ತು. ಸಿನಿಮಾ ಸೆನ್ಸಾರ್ ಕೂಡ ಇದೇ ಮನೆತನದ ಪದ. ಕಚೇರಿ ಕನ್ನಡದಲ್ಲಿ ನಾವು ಇದಕ್ಕೆ ‘ವಾಗ್ದಂಡನೆ’ ಎನ್ನುತ್ತೇವೆ. ಪತ್ರಿಕೆಗಳ ಕನ್ನಡ ‘ಛೀಮಾರಿ’ ಎನ್ನುತ್ತದೆ: ‘ಹೈಕೋರ್ಟ್ ಛೀಮಾರಿ’ ಎಂಬ ತಲೆಬರಹ ನೋಡದ ಓದುಗರಿಲ್ಲ. ಉರ್ದುವಿನಲ್ಲಿ ‘ತಂಬೀಹ್’ ಎಂದರೆ ಎಚ್ಚರಿಸುವುದು, ‘ಸರ್‌ಜನಿಶ್’ ಎಂದರೆ ಗದರುವುದು, ‘ಮಲಾಮತ್’ ಎಂದರೆ ನಿಂದಿಸುವುದು, ‘ಮಜಮ್ಮತ್’ ಎಂದರೆ ಖಂಡಿಸುವುದು.

ಇಷ್ಟು ಪದಗಳಿದ್ದರೂ ‘ರೆಪ್ರಿಮಾಂಡ್’ ಇವೆಲ್ಲಕ್ಕಿಂತ ಸ್ವಲ್ಪ ಬೇರೆ. ತಾಯಿ ಮಗುವಿಗೆ ಗದರಿದರೆ ಅದು ರೆಪ್ರಿಮಾಂಡ್ ಅಲ್ಲ. ಬೀದಿಯಲ್ಲಿ ಇಬ್ಬರು ಬೈದಾಡಿದರೆ ಅದೂ ಅಲ್ಲ. ಅದಕ್ಕೆ ಮೂರು ಅಂಗಗಳಿವೆ. ಹೇಳುವವನಿಗೆ ಹುದ್ದೆ ಇರಬೇಕು. ಹೇಳಿದ್ದು ದಾಖಲೆಯಲ್ಲಿ ಉಳಿಯಬೇಕು. ಹೇಳಿಸಿಕೊಳ್ಳುವವನಿಗೆ ಕಳೆದುಕೊಳ್ಳಲು ಒಂದು ಮಾನ ಇದೆಯೆಂದು ಎಲ್ಲರೂ ಒಪ್ಪಿರಬೇಕು. ಈ ಮೂರನೆಯ ಅಂಗವನ್ನು ನಿಘಂಟುಗಳು ಬರೆಯುವುದಿಲ್ಲ. ಆದರೆ ಚರಿತ್ರೆ ಅದನ್ನೇ ದೊಡ್ಡಕ್ಷರದಲ್ಲಿ ಬರೆದಿದೆ.

ಇಂದು ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಆರ್ಟಿಲರಿ ರಸ್ತೆ ಎಂದು ನಾವು ಸಲೀಸಾಗಿ ಆಟೋದವರಿಗೆ ಹೇಳುತ್ತೇವೆ. ಕಾಮರಾಜ ರಸ್ತೆಗೆ ಹಿರಿಯರು ಇನ್ನೂ ಕ್ಯಾವಲ್ರಿ ರಸ್ತೆ ಎನ್ನುವುದುಂಟು. ಕಾಲಾಳು, ಕುದುರೆ, ಫಿರಂಗಿ ಎಲ್ಲವೂ ಈ ನೆಲದಲ್ಲಿ ಬೀದಿಗಳಾಗಿ ಮಲಗಿವೆ. ಟಿಪ್ಪು ಸುಲ್ತಾನರು 1799ರಲ್ಲಿ ಹುತಾತ್ಮರಾದ ಮೇಲೆ ಕಂಪೆನಿಯ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಜ್ವರ ಗೋರಾ ಸೈನಿಕರನ್ನು ಉಳಿಯಗೊಡಲಿಲ್ಲ. ಹೀಗಾಗಿ ಎತ್ತರದ, ತಂಪಾದ ಹಲಸೂರಿನ ಸುತ್ತ 1809ರಲ್ಲಿ ಬೆಂಗಳೂರು ದಂಡು ನೆಲೆಗೊಂಡಿತು. ದಂಡಿನ ಹಿಂದೆ ದರ್ಜಿಗಳು, ಕಸಾಯಿಗಳು, ಭಿಸ್ತಿಗಳು, ಬಾಣಸಿಗರು, ವ್ಯಾಪಾರಿಗಳು ಬಂದರು. ತಮಿಳು, ದಖನಿ, ತೆಲುಗು, ಕನ್ನಡ ಕಲೆತ ನಮ್ಮ ಶಿವಾಜಿನಗರ ಹುಟ್ಟಿದ್ದೇ ಹಾಗೆ.

ದಂಡು ಕಣ್ಣುಬಿಟ್ಟ ಅದೇ 1809ರಲ್ಲಿ ಮದರಾಸಿನಲ್ಲಿ ಆ ಪ್ರಸಿದ್ಧ ರೆಪ್ರಿಮಾಂಡ್ ಹೊರಬಿತ್ತು. ಹಲಸೂರಿನಿಂದ ಕೆ.ಆರ್. ಪುರದ ಕಡೆ ಹೋಗುವ ರಸ್ತೆಯನ್ನು ಇಂದಿಗೂ ಹಳೆ ಮದರಾಸು ರಸ್ತೆ ಎನ್ನುತ್ತೇವಲ್ಲ, ಈ ದಂಡಿನ ದಣಿಗಳೂ ಆ ದಿಕ್ಕಿನಲ್ಲೇ, ಮದರಾಸಿನಲ್ಲೇ ಇದ್ದರು.

ಕಥೆ ಆರಂಭವಾಗುವುದು ಡೇರೆಗಳಿಂದ. ಕಂಪೆನಿಯ ದೇಶೀ ಪಲ್ಟನ್ನುಗಳ ಯೂರೋಪಿಯನ್ ಅಧಿಕಾರಿಗಳಿಗೆ ‘ಟೆಂಟ್ ಕಂಟ್ರಾಕ್ಟ್’ ಎಂಬ ಏರ್ಪಾಡಿತ್ತು. ತಮ್ಮ ಪಲ್ಟನ್ನಿಗೆ ಬೇಕಾದ ಡೇರೆ, ಅವುಗಳ ಸಾಗಾಟ ಎಲ್ಲವನ್ನೂ ಅವರೇ ನೋಡಿಕೊಳ್ಳಬೇಕು; ಅದಕ್ಕಾಗಿ ಪ್ರತಿ ತಿಂಗಳು ನಿಗದಿತ ಹಣ ಸಿಗುತ್ತಿತ್ತು. ಯುದ್ಧವಿದ್ದರೂ ಶಾಂತಿಯಿದ್ದರೂ ಹಣ ನಿಲ್ಲುತ್ತಿರಲಿಲ್ಲ. ಖರ್ಚು ಕಡಿಮೆಯಾದಷ್ಟೂ ಜೇಬು ತುಂಬುವ ವ್ಯವಸ್ಥೆ ಇದು. ಕ್ವಾರ್ಟರ್ ಮಾಸ್ಟರ್ ಜನರಲ್ ಆಗಿದ್ದ ಲೆಫ್ಟಿನೆಂಟ್ ಕರ್ನಲ್ ಜಾನ್ ಮನ್ರೋ 1807ರಲ್ಲಿ ಇದರ ಬಗ್ಗೆ ವರದಿ ಕೊಟ್ಟರು. ಈ ಪದ್ಧತಿಯಲ್ಲಿ ಅಧಿಕಾರಿಯ ಸ್ವಂತ ಲಾಭವೂ ಅವನ ಕರ್ತವ್ಯವೂ ಪರಸ್ಪರ ಎದುರಾಗುತ್ತವೆ ಎಂಬುದು ವರದಿಯ ಸಾರಾಂಶ. 1808ರಲ್ಲಿ ಏರ್ಪಾಡು ರದ್ದಾಯಿತು.

ಅಧಿಕಾರಿಗಳು ಕೆರಳಿದರು. ಮನ್ರೋ ತಮ್ಮನ್ನೆಲ್ಲ ಕಳ್ಳರೆಂದು ಕರೆದಿದ್ದಾರೆ ಎಂದು ದೂರು ಬರೆದು ಮದರಾಸು ಸೈನ್ಯದ ಮಹಾದಂಡನಾಯಕ ಜನರಲ್ ಹೇ ಮ್ಯಾಕ್‌ಡೋವಲ್ ಅವರಿಗೆ ಕೊಟ್ಟರು. ಮ್ಯಾಕ್‌ಡೋವಲ್ ಅವರಿಗೂ ಸರಕಾರದ ಮೇಲೆ ಸಿಟ್ಟಿತ್ತು. ಹಿಂದಿನ ದಂಡನಾಯಕರಿಗೆ ಸಿಗುತ್ತಿದ್ದ ಗವರ್ನರ್ ಮಂಡಲಿಯ ಸ್ಥಾನ ಅವರಿಗೆ ಸಿಕ್ಕಿರಲಿಲ್ಲ. 1809ರ ಜನವರಿಯಲ್ಲಿ ಅವರು ಮನ್ರೋ ಅವರನ್ನು ಬಂಧನದಲ್ಲಿಟ್ಟರು. ಗವರ್ನರ್ ಸರ್ ಜಾರ್ಜ್ ಬಾರ್ಲೋ ಬಿಡಿಸಿದರು. ಮ್ಯಾಕ್‌ಡೋವಲ್ ಊರಿಗೆ ಹೊರಡುವ ಹಡಗು ಸಿದ್ಧವಾಗಿತ್ತು. ಹೊರಡುವ ಮುನ್ನ ಅವರು ಜನವರಿ 28ರ ತಾರೀಖಿನ ಒಂದು ‘ಜನರಲ್ ಆರ್ಡರ್’ ಬಿಟ್ಟುಹೋದರು. ಮನ್ರೋ ತಮ್ಮನ್ನು ಮೀರಿ ಸರಕಾರದ ಮೊರೆಹೊಕ್ಕದ್ದು ಸೈನಿಕ ಶಿಸ್ತಿಗೆ ವಿರುದ್ಧವೆಂದೂ, ಅದಕ್ಕಾಗಿ ಅವರನ್ನು ‘ರೆಪ್ರಿಮಾಂಡ್’ ಮಾಡಲಾಗಿದೆಯೆಂದೂ ಅದು ಇಡೀ ಸೈನ್ಯಕ್ಕೆ ಸಾರಿತು.

ಒಂದೇ ಪದ. ಯಾರ ಸಂಬಳವೂ ಹೋಗಲಿಲ್ಲ, ಯಾರ ಬೆನ್ನಿಗೂ ಏಟು ಬೀಳಲಿಲ್ಲ. ಆದರೆ ಗವರ್ನರ್ ಬಾರ್ಲೋ ಅದನ್ನು ತಮ್ಮ ಅಧಿಕಾರಕ್ಕೇ ಬಿದ್ದ ಏಟೆಂದು ಬಗೆದರು. ಸರಕಾರಕ್ಕೆ ಮನವಿ ಮಾಡಿಕೊಳ್ಳುವುದೇ ತಪ್ಪೆಂದಾದರೆ ಸರಕಾರ ಏಕಿರಬೇಕು? ಮೂರೇ ದಿನಗಳಲ್ಲಿ, ಜನವರಿ 31ರಂದು, ಅವರು ಮ್ಯಾಕ್‌ಡೋವಲ್ ಅವರನ್ನು ಪದವಿಯಿಂದ ತೆಗೆದರು. ಆ ಆಜ್ಞೆಯನ್ನು ಎಲ್ಲ ದಾಖಲೆಗಳಿಂದಲೂ ಅಳಿಸಬೇಕೆಂದು ಆದೇಶಿಸಿದರು. ಅದನ್ನು ಹೊರಡಿಸುವುದರಲ್ಲಿ ಪಾಲಿದ್ದ ಅಡ್ಜುಟೆಂಟ್ ಜನರಲ್ ಕರ್ನಲ್ ಕ್ಯಾಪರ್ ಮತ್ತು ಅವರ ಸಹಾಯಕ ಮೇಜರ್ ಬೋಲ್ಸ್ ಇಬ್ಬರನ್ನೂ ಅಮಾನತುಗೊಳಿಸಿದರು. ಮ್ಯಾಕ್‌ಡೋವಲ್ ಊರು ಸೇರಲೇ ಇಲ್ಲ. ಅವರ ಹಡಗು ಆ ವರ್ಷದ ಮಾರ್ಚಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕಾಣೆಯಾಯಿತು. ಮಾತಾಡಿದವನು ಮುಳುಗಿದ, ಮಾತು ಮುಳುಗಲಿಲ್ಲ.

ಬೋಲ್ಸ್ ಅಮಾನತಾದದ್ದೇ ಅಧಿಕಾರಿಗಳಿಗೆ ಹೊಸ ದೂರಾಯಿತು. ಅವರ ವಾದ ಸರಳವಾಗಿತ್ತು: ಮೇಲಧಿಕಾರಿ ಹೇಳಿದ್ದನ್ನು ಮಾಡಿದವನು ಹೇಗೆ ತಪ್ಪಿತಸ್ಥ? ಸೈನ್ಯದಲ್ಲಿ ಆಜ್ಞೆ ಪಾಲಿಸುವುದೇ ಧರ್ಮವಲ್ಲವೇ? ಬೋಲ್ಸ್ ಅವರಿಗಾಗಿ ಚಂದಾ ಎತ್ತಿದರು, ಮನವಿಗಳನ್ನು ಬರೆದರು. ಮೇ 1ರಂದು ಬಾರ್ಲೋ ಇನ್ನೂ ಹಲವು ಅಧಿಕಾರಿಗಳನ್ನು ಅಮಾನತು ಮಾಡಿದರು. ಮಚಲಿಪಟ್ಟಣ, ಹೈದರಾಬಾದ್, ಶ್ರೀರಂಗಪಟ್ಟಣಗಳಲ್ಲಿ ಕಂಪೆನಿಯ ಬಿಳಿಯ ಅಧಿಕಾರಿಗಳು ತಮ್ಮದೇ ಸರಕಾರದ ವಿರುದ್ಧ ನಿಂತರು. ಜುಲೈನಲ್ಲಿ ನಿಷ್ಠೆಯ ಪ್ರತಿಜ್ಞೆಗೆ ಸಹಿ ಹಾಕಿರೆಂದು ಬಾರ್ಲೋ ಎಲ್ಲ ಅಧಿಕಾರಿಗಳಿಗೆ ಹೇಳಿದಾಗ ಬಹುತೇಕರು ಹಾಕಲಿಲ್ಲ. ಇಂಗ್ಲಿಷ್ ಚರಿತ್ರೆಕಾರರು ಇದನ್ನು ‘ಬಿಳಿಯರ ದಂಗೆ’ ಎಂದು ಕರೆದಿದ್ದಾರೆ.

ಇಲ್ಲಿಯವರೆಗೆ ಇದು ಸಾಹೇಬರ ಜಗಳ. ಸಿಪಾಯಿಗಳು ಕಥೆಯೊಳಗೆ ಬರುವುದು ಚಿತ್ರದುರ್ಗದಲ್ಲಿ. ಅಲ್ಲಿದ್ದ ಎರಡು ದೇಶೀ ಪಲ್ಟನ್ನುಗಳ ಅಧಿಕಾರಿಗಳು ಆಗಸ್ಟ್ ಮೊದಲ ವಾರದಲ್ಲಿ ಖಜಾನೆಯನ್ನು ವಶಮಾಡಿಕೊಂಡು, ಸಿಪಾಯಿಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣದ ಬಂಡಾಯಗಾರರನ್ನು ಸೇರಲು ಹೊರಟರು. ಮದರಾಸು ಪಲ್ಟನ್ನುಗಳೆಂದರೆ ಆಗ ಮುಸ್ಲಿಮರು, ತಮಿಳರು, ತೆಲುಗರು ಕೂಡಿದ್ದ ಪಲ್ಟನ್ನುಗಳು. ಡೇರೆ ಗುತ್ತಿಗೆಯಲ್ಲಿ ಅವರಿಗೆ ಕಾಸಿನ ಪಾಲೂ ಇರಲಿಲ್ಲ. ಮನ್ರೋ ಅವರಿಗೆ ಛೀಮಾರಿ ಹಾಕಿದ್ದು ಸರಿಯೋ ತಪ್ಪೋ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಅಧಿಕಾರಿ ‘ನಡೆ’ ಎಂದ, ನಡೆದರು.

ಬೆಂಗಳೂರಿನಲ್ಲಿದ್ದ ರಾಜನ ಸೇನೆಯ ತುಕಡಿಗಳು ಲೆಫ್ಟಿನೆಂಟ್ ಕರ್ನಲ್ ಗಿಬ್ಸ್ ನೇತೃತ್ವದಲ್ಲಿ ಶ್ರೀರಂಗಪಟ್ಟಣದ ಹೊರಗೆ ಬಂದು ನಿಂತಿದ್ದವು. ದಿವಾನ್ ಪೂರ್ಣಯ್ಯ ಕಳಿಸಿದ ಮೈಸೂರು ಕುದುರೆ ಸವಾರರೂ ಇದ್ದರು. ಆಗಸ್ಟ್ 11ರಂದು, ಕೋಟೆ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ, ಚಿತ್ರದುರ್ಗದಿಂದ ನಡೆದು ದಣಿದು ಬಂದ ಆ ಸಿಪಾಯಿಗಳ ಮೇಲೆ ಮೈಸೂರು ಸವಾರರೂ 25ನೇ ಡ್ರಾಗೂನ್ ದಳದ ಬ್ರಿಟಿಷ್ ಸವಾರರೂ ಎರಗಿದರು. ಸಾಲು ಒಡೆಯಿತು. ಸಿಪಾಯಿಗಳು ಕೋಟೆಯತ್ತ ಓಡಿದರು. ಸತ್ತವರು, ಗಾಯಗೊಂಡವರು ನೂರನ್ನು ಮೀರಿದರು. ಆಗಸ್ಟ್ ಮುಗಿಯುವ ಮೊದಲೇ ಶ್ರೀರಂಗಪಟ್ಟಣದ ಅಧಿಕಾರಿಗಳು ಶರಣಾದರು.

ಈಗ ಲೆಕ್ಕ ನೋಡೋಣ. ಗವರ್ನರ್ ಜನರಲ್ ಲಾರ್ಡ್ ಮಿಂಟೋ ಸೆಪ್ಟೆಂಬರಿನಲ್ಲಿ ಮದರಾಸಿಗೆ ಬಂದು ಸಾಮೂಹಿಕ ಕ್ಷಮಾದಾನ ಘೋಷಿಸಿದರು. ಕ್ಷಮಾದಾನದಿಂದ ಹೊರಗುಳಿದ ಅಧಿಕಾರಿಗಳು 21 ಮಂದಿ. ಶ್ರೀರಂಗಪಟ್ಟಣದ ದಳಪತಿ ಕರ್ನಲ್ ಬೆಲ್ ಅವರನ್ನು ಸೈನಿಕ ನ್ಯಾಯಾಲಯ ಸೇವೆಯಿಂದ ವಜಾ ಮಾಡಿತು. ವಜಾ ಆದವರಲ್ಲಿ ಹಲವರನ್ನು ಕೆಲವು ವರ್ಷಗಳ ನಂತರ ಕಂಪೆನಿಯ ನಿರ್ದೇಶಕರು ಮರಳಿ ತೆಗೆದುಕೊಂಡರು. ಸರಕಾರದ ವಿರುದ್ಧ ಶಸ್ತ್ರ ಹಿಡಿದ ಈ ಅಧಿಕಾರಿಗಳಲ್ಲಿ ಒಬ್ಬನೂ ನೇಣುಗಂಬ ಏರಲಿಲ್ಲ. ಛೀಮಾರಿ ಹಾಕಿಸಿಕೊಂಡ ಮನ್ರೋ ಮುಂದೆ ತಿರುವಾಂಕೂರಿನ ರೆಸಿಡೆಂಟರಾಗಿ, ಕೆಲವು ಕಾಲ ಅಲ್ಲಿನ ದಿವಾನರೂ ಆಗಿ ಹೆಸರು ಮಾಡಿದರು. ಆಗಸ್ಟ್ 11ರಂದು ಬಿದ್ದ ಸಿಪಾಯಿಗಳ ಹೆಸರುಗಳು ಮಾತ್ರ ಈ ಚರಿತ್ರೆಯ ಪುಟಗಳಲ್ಲಿಲ್ಲ. ‘ಆಜ್ಞೆ ಪಾಲಿಸಿದವನು ಹೇಗೆ ತಪ್ಪಿತಸ್ಥ?’ ಎಂದು ಬೋಲ್ಸ್ ಪರವಾಗಿ ಇಡೀ ಸೈನ್ಯ ಕೇಳಿತು. ಅದೇ ಪ್ರಶ್ನೆಯನ್ನು ಆ ಸಿಪಾಯಿಗಳ ಪರವಾಗಿ ಕತ್ತಿ ಬೀಳುವ ಮುನ್ನ ಕೇಳಲು ಯಾರಿದ್ದರು?

ಇದು ಯುದ್ಧದ ಗೊಂದಲದಲ್ಲಿ ಆದ ಆಕಸ್ಮಿಕ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಮೂರು ವರ್ಷ ಹಿಂದಕ್ಕೆ ಹೋಗಿ, ಇದೇ ಮದರಾಸು ಸೈನ್ಯವನ್ನು ನೋಡಬೇಕು. ಹಣೆಯ ಮೇಲಿನ ನಾಮ, ಕಿವಿಯ ಒಂಟಿ ತೆಗೆಯಬೇಕು, ಗಡ್ಡ ಕತ್ತರಿಸಬೇಕು, ಹೊಸ ಮಾದರಿಯ ಪೇಟ ಧರಿಸಬೇಕು ಎಂಬ ಆಜ್ಞೆಗಳು ಬಂದಿದ್ದವು. 1806ರ ಮೇ ತಿಂಗಳಲ್ಲಿ ವೆಲ್ಲೂರಿನಲ್ಲಿ ಕೆಲವು ಸಿಪಾಯಿಗಳು ಪೇಟ ಧರಿಸಲು ಒಪ್ಪಲಿಲ್ಲ. ಅವರಲ್ಲಿ ಒಬ್ಬ ಹಿಂದೂ, ಒಬ್ಬ ಮುಸ್ಲಿಂ ಇಬ್ಬರಿಗೂ ನೂರಾರು ಕೊರಡೆ ಏಟುಗಳ ಶಿಕ್ಷೆಯಾಯಿತು. ಉಳಿದವರಿಗೂ ಏಟಿನ ಶಿಕ್ಷೆ ವಿಧಿಸಿ, ಕ್ಷಮೆ ಕೇಳಿಸಿ ಬಿಟ್ಟರು. ಅವರನ್ನು ಕರೆದು, ‘ನಿಮ್ಮ ನಡತೆ ಸರಿಯಲ್ಲ, ಇದನ್ನು ದಾಖಲೆಯಲ್ಲಿ ಬರೆದಿದ್ದೇವೆ’ ಎಂದು ಹೇಳುವ ಮೆಟ್ಟಿಲೇ ಅಲ್ಲಿರಲಿಲ್ಲ. ಜುಲೈ 10ರಂದು ವೆಲ್ಲೂರು ಕೋಟೆ ಸಿಡಿಯಿತು. ಸಿಕ್ಕಿಬಿದ್ದವರಲ್ಲಿ ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು, ಕೆಲವರನ್ನು ಗುಂಡಿಟ್ಟರು, ಕೆಲವರನ್ನು ಗಲ್ಲಿಗೇರಿಸಿದರು. ದಂಗೆ ಎಂಬ ಪದ 1806ಕ್ಕೂ 1809ಕ್ಕೂ ಒಂದೇ. ಆದರೆ ಸಿಪಾಯಿಯ ದಂಗೆಗೆ ತೋಪು, ಸಾಹೇಬರ ದಂಗೆಗೆ ಕ್ಷಮಾದಾನ.

ಇಷ್ಟು ಓದಿ, ಇದು ಪರಂಗಿಗಳ ಬುದ್ಧಿ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ‘ವಾಗ್ದಂಡನೆ’ ಎಂಬ ನಮ್ಮ ಪದದ ಮೂಲವನ್ನೇ ನೋಡಿ. ಮನುಸ್ಮೃತಿಯ ಎಂಟನೆಯ ಅಧ್ಯಾಯ ಶಿಕ್ಷೆಗೆ ನಾಲ್ಕು ಮೆಟ್ಟಿಲು ಹೇಳುತ್ತದೆ: ಮೊದಲು ವಾಗ್ದಂಡ, ಆಮೇಲೆ ಧಿಗ್ದಂಡ, ಮೂರನೆಯದು ಧನದಂಡ, ಕೊನೆಗೆ ದೇಹದಂಡ. ಕೇಳಲು ಬಹಳ ವಿವೇಕದ ಕ್ರಮ. ಆದರೆ ಅದೇ ಅಧ್ಯಾಯದಲ್ಲಿ ಬ್ರಾಹ್ಮಣನನ್ನು ನಿಂದಿಸಿದ ಕ್ಷತ್ರಿಯನಿಗೆ ನೂರು ಪಣ ದಂಡವಾದರೆ, ಶೂದ್ರನಿಗೆ ದೇಹದಂಡ. ಏಣಿ ಎಲ್ಲರಿಗೂ ಇದೆ. ಯಾರು ಯಾವ ಮೆಟ್ಟಿಲಿನಿಂದ ಹತ್ತಬೇಕೆಂಬುದನ್ನು ಹುಟ್ಟು ತೀರ್ಮಾನಿಸುತ್ತದೆ.

ನಮ್ಮ ಮನೆಯೂ ಗಾಜಿನದೇ. ಹನ್ನೆರಡನೆಯ ಶತಮಾನದ ಹನಫಿ ವಿದ್ವಾಂಸ ಅಲ್ ಕಾಸಾನಿ ತಮ್ಮ ಫಿಕ್ಹ್ ಗ್ರಂಥದಲ್ಲಿ ‘ತಾಝೀರ್’, ಅಂದರೆ ಕಾಝಿಯ ವಿವೇಚನೆಗೆ ಬಿಟ್ಟ ಶಿಕ್ಷೆಗಳ ಬಗ್ಗೆ ಬರೆಯುತ್ತಾ ಜನರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ. ಅತ್ಯುನ್ನತ ಗಣ್ಯರಿಗೆ ಕಾಝಿಯ ಒಂದು ಸಂದೇಶವೇ ಸಾಕು. ಅವರಿಗಿಂತ ಕೆಳಗಿನ ಗಣ್ಯರನ್ನು ಸಂದೇಶದ ಜೊತೆಗೆ ಕಾಝಿಯ ಬಾಗಿಲಿಗೆ ಕರೆಸಬೇಕು. ಪೇಟೆಯ ಮಂದಿಗೆ ಅದರ ಮೇಲೆ ಸೆರೆವಾಸ. ಕೆಳದರ್ಜೆಯವರಿಗೆ ಇದೆಲ್ಲದರ ಜೊತೆ ಹೊಡೆತ. ಗಣ್ಯನಿಗೆ ಮಾತೇ ಏಟು, ಹೊಡೆತ ಬಿದ್ದರೆ ಹೊರತು ಬಡವನಿಗೆ ನಾಟದು ಎಂಬ ತರ್ಕ ಇದರ ಹಿಂದಿದೆ. ಬಾರ್ಲೋ ಕಾಲದ ಸೈನ್ಯದ ತರ್ಕವೂ ಇದೇ ಅಲ್ಲವೇ?

ಇದಕ್ಕೆ ಎದುರಾಗಿ ನಮ್ಮ ಪರಂಪರೆಯಲ್ಲೇ ಮತ್ತೊಂದು ಮಾತಿದೆ. ಮಖ್ಝೂಮ್ ಎಂಬ ಪ್ರತಿಷ್ಠಿತ ಮನೆತನದ ಮಹಿಳೆಯೊಬ್ಬಳು ಕಳವು ಮಾಡಿದಾಗ, ಶಿಕ್ಷೆ ತಪ್ಪಿಸಲು ಕುರೈಶರು ಪ್ರವಾದಿ(ಸ)ಯವರ ಪ್ರೀತಿಪಾತ್ರರಾದ ಉಸಾಮಾರ ಮೂಲಕ ಶಿಫಾರಸು ಮಾಡಿಸಿದರು. ಪ್ರವಾದಿಯವರು ಕೋಪಗೊಂಡು ಎದ್ದುನಿಂತು ಜನರಿಗೆ ಉಪದೇಶಿಸಿದರು. ಗಣ್ಯರು ಕದ್ದರೆ ಬಿಟ್ಟುಬಿಟ್ಟು, ದುರ್ಬಲರು ಕದ್ದರೆ ಶಿಕ್ಷಿಸಿದ್ದರಿಂದಲೇ ನಿಮಗಿಂತ ಹಿಂದಿನ ಜನಾಂಗಗಳು ನಾಶವಾದವು ಎಂಬುದು ಅದರ ಭಾವ. ತಮ್ಮ ಮಗಳಿಗೂ ವಿನಾಯಿತಿ ಇಲ್ಲವೆಂದರು. ಶುಕ್ರವಾರದ ಖುತ್ಬಾಗಳಲ್ಲಿ ಈ ಪ್ರಸಂಗವನ್ನು ನಾವು ಅನೇಕ ಸಲ ಕೇಳಿದ್ದೇವೆ. ಕೇಳಿ ಹೊರಗೆ ಬಂದು, ಅಂಗಡಿಯ ಕೆಲಸದ ಹುಡುಗ ಲೋಟ ಒಡೆದರೆ ಕಪಾಳಕ್ಕೆ ಬಾರಿಸುತ್ತೇವೆ, ಅಳಿಯ ವ್ಯಾಪಾರವನ್ನೇ ಮುಳುಗಿಸಿದರೆ ‘ಸ್ವಲ್ಪ ನೋಡಿಕೊಂಡು ಮಾಡಪ್ಪ’ ಎನ್ನುತ್ತೇವೆ. ರೆಪ್ರಿಮಾಂಡ್ ಪದದ ಬಳಕೆಯನ್ನು ಕಲಿಯಲು ನಿಘಂಟು ಬೇಕಾಗಿಲ್ಲ, ನಮ್ಮ ಅಂಗಡಿ, ಮನೆಗಳೇ ಸಾಕು.

ಕಾಲ ಬದಲಾಗಿಲ್ಲವೇ? ಬದಲಾಗಿದೆ. ಕೊರಡೆ ಹೋಗಿದೆ, ತೋಪಿನ ಬಾಯಿ ಹೋಗಿದೆ. ಆದರೂ ಹಳೆಯ ಏಣಿಯ ನೆರಳು ಕಾಗದದ ಮೇಲೆ ಉಳಿದಿದೆ. ಹಲಸೂರು ಕೆರೆಯ ಬಳಿ ಮದರಾಸು ಸ್ಯಾಪರ್ಸ್ ಕೇಂದ್ರದ ಗೋಡೆಯ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ನಮಗೆ 1950ರ ಸೇನಾ ಅಧಿನಿಯಮದ 71ನೇ ಕಲಮು ನೆನಪಾಗುತ್ತದೆ. ಸೈನಿಕ ನ್ಯಾಯಾಲಯ ವಿಧಿಸಬಹುದಾದ ಶಿಕ್ಷೆಗಳ ಪಟ್ಟಿ ಅದು. ಅದರಲ್ಲಿ ‘ರೆಪ್ರಿಮಾಂಡ್’ ಮತ್ತು ‘ಕಠಿಣ ರೆಪ್ರಿಮಾಂಡ್’ ಎರಡೂ ಇವೆ. ಅಧಿಕಾರಿಗಳಿಗೆ, ಜೂನಿಯರ್ ಕಮಿಷನ್ಡ್ ಅಧಿಕಾರಿಗಳಿಗೆ, ವಾರಂಟ್ ಅಧಿಕಾರಿಗಳಿಗೆ, ಹವಾಲ್ದಾರ ನಾಯಕರಂಥ ನಾನ್ ಕಮಿಷನ್ಡ್ ಅಧಿಕಾರಿಗಳಿಗೆ. ಆ ಸಾಲಿನಲ್ಲಿ ಸಾಮಾನ್ಯ ಸಿಪಾಯಿಯ ಹೆಸರಿಲ್ಲ.

ನಾಗರಿಕ ಸೇವೆಗೂ ಅದೇ ಛಾಯೆ. ಕರ್ನಾಟಕ ಸಿವಿಲ್ ಸೇವಾ ನೌಕರರ 1957ರ ಶಿಸ್ತು ನಿಯಮಗಳಲ್ಲಿ ಶಿಕ್ಷೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಏರಿಸುತ್ತಾ ಹೋಗುವ 8ನೇ ನಿಯಮದ ಪಟ್ಟಿಯಲ್ಲಿ ಮೊದಲನೆಯದು ಜುಲ್ಮಾನೆ. ಅದು ‘ಡಿ’ ಗುಂಪಿನ ನೌಕರರಿಗೆ ಮೀಸಲು. ಎರಡನೆಯದು ವಾಗ್ದಂಡನೆ. ತಂದೆ ಮತ್ತು ಆ ಜವಾನ ಎರಡು ಬೇರೆ ಸಾಲುಗಳಲ್ಲಿ ನಿಂತದ್ದು ಹೇಗೆಂದು ಈ ನಿಯಮ ಓದಿದ ದಿನ ನಮಗೆ ತಿಳಿಯಿತು. ಕಾಗದದ ಲೆಕ್ಕದಲ್ಲಿ ಜವಾನನ ಶಿಕ್ಷೆಯೇ ಚಿಕ್ಕದು. ಮನೆಯ ಲೆಕ್ಕದಲ್ಲಿ ಆ ಐವತ್ತು ರೂಪಾಯಿ ಎಷ್ಟು ದಿನದ ಅಕ್ಕಿ ಎಂಬುದನ್ನು ನಿಯಮ ಕೇಳುವುದಿಲ್ಲ.

ಹಾಗಿದ್ದರೆ ಮಾತಿನ ಶಿಕ್ಷೆ ಸುಳ್ಳು ಶಿಕ್ಷೆಯೇ? ಅಲ್ಲ. ಅದರ ಭಾರವನ್ನು ಬಲ್ಲವರು ಅದನ್ನು ಅಳಿಸಲು ಎಷ್ಟು ದೂರವಾದರೂ ಹೋಗುತ್ತಾರೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ನಾರಾಯಣ ಮುಲ್ಲಾ ಅವರ ಹೆಸರು ಉರ್ದು ಓದುಗರಿಗೆ ಕವಿಯಾಗಿ ಚಿರಪರಿಚಿತ. 1964ರಲ್ಲಿ ಅವರಿಗೆ ಉರ್ದು ಕಾವ್ಯಕ್ಕಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರೇ ಮೊಹಮ್ಮದ್ ನಯೀಮ್ ಎಂಬ ಪೊಲೀಸ್ ಅಧಿಕಾರಿಯ ಪ್ರಕರಣದಲ್ಲಿ ಪೊಲೀಸ್ ಪಡೆಯಷ್ಟು ಸಂಘಟಿತವಾಗಿ ಅಪರಾಧ ಮಾಡುವ ಗುಂಪು ದೇಶದಲ್ಲಿ ಬೇರೊಂದಿಲ್ಲ ಎಂಬರ್ಥದ ಟೀಕೆ ಬರೆದರು. ಆ ಮಾತನ್ನು ಕಡತದಿಂದ ತೆಗೆಸಲು ರಾಜ್ಯ ಸರಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು. 1963ರಲ್ಲಿ ಸುಪ್ರೀಂ ಕೋರ್ಟ್ ಅಂಥ ಸಾರ್ವತ್ರಿಕ ಟೀಕೆಗೆ ಸಮರ್ಥನೆಯಿಲ್ಲವೆಂದು ಅದನ್ನು ಅಳಿಸಿತು. ಅಳಿಸುವಾಗ ಮೂರು ಪ್ರಶ್ನೆಗಳನ್ನು ಮುಂದಿಟ್ಟಿತು. ಟೀಕೆಗೆ ಗುರಿಯಾದವನಿಗೆ ತನ್ನ ಮಾತು ಹೇಳಲು ಅವಕಾಶವಿತ್ತೇ? ಟೀಕೆಗೆ ಸಾಕ್ಷ್ಯವಿದೆಯೇ? ಪ್ರಕರಣವನ್ನು ತೀರ್ಮಾನಿಸಲು ಆ ಟೀಕೆ ಅಗತ್ಯವಿತ್ತೇ?

ಈ ಮೂರು ಪ್ರಶ್ನೆಗಳು ಚಿನ್ನದಂಥವು. ಮ್ಯಾಕ್‌ಡೋವಲ್ ಅವರ 1809ರ ಆಜ್ಞೆಯನ್ನು ಇವುಗಳಿಂದ ಅಳೆದು ನೋಡಿ, ಅದು ನಿಲ್ಲುವುದಿಲ್ಲ. ಹಡಗು ಹತ್ತುವ ಹೊತ್ತಿನಲ್ಲಿ, ಉತ್ತರ ಕೇಳಿಸಿಕೊಳ್ಳದೆ ಎಸೆದ ಕಲ್ಲು ಅದು. ನಮ್ಮ ಆಸೆ ಇಷ್ಟೇ: ರಾಜ್ಯ ಸರಕಾರವೊಂದು ತನ್ನ ಪೊಲೀಸರ ಮಾನಕ್ಕಾಗಿ ಪಡೆದ ಈ ಮೂರು ಪ್ರಶ್ನೆಗಳು ಜವಾನನಿಗೂ, ಮದರಸಾದ ಮಗುವಿಗೂ, ಠಾಣೆಗೆ ಕರೆತಂದ ಗಾಡಿ ವ್ಯಾಪಾರಿಗೂ ಸಿಗಬೇಕು. ಇವರಿಗೆ ಸಿಗುವುದು ಛೀಮಾರಿಯಲ್ಲ, ಕೈ. ಛೀಮಾರಿ ಹಾಕಬೇಕಾದರೆ ಎದುರಿನವನನ್ನು ಒಬ್ಬ ಮನುಷ್ಯನೆಂದು ಕೂರಿಸಿ, ಹೆಸರು ಹಿಡಿದು ಕರೆದು, ಕಾರಣ ಹೇಳಬೇಕಾಗುತ್ತದೆ. ಕೈ ಎತ್ತಲು ಇದಾವುದೂ ಬೇಕಿಲ್ಲ. ಎಲ್ಲರಿಗೂ ಏಟು ಬೀಳಲಿ ಎಂಬುದು ಸಮಾನತೆಯಲ್ಲ. ಎಲ್ಲರಿಗೂ ಮೊದಲು ಮಾತು ಸಿಗಲಿ ಎಂಬುದು ಸಮಾನತೆ.

ತಂದೆಯ ಆ ಮೆಮೊದ ಕಥೆಗೆ ಒಂದು ಬಾಲವಿದೆ. ಅವರ ಸೇವಾ ಪುಸ್ತಕದಲ್ಲಿ ‘ಸೆನ್ಷರ್’ ಪದ ದಾಖಲಾಯಿತು. ಬಡ್ತಿ ತಡವಾಯಿತು. ಅದಕ್ಕಿಂತ ಹೆಚ್ಚಾಗ��, ನಿವೃತ್ತಿಯ ದಿನದವರೆಗೂ ಆ ಪುಟ ತೆರೆದಾಗಲೆಲ್ಲ ತಮಗೆ ಮುಜುಗರವಾಗುತ್ತಿತ್ತು ಎಂದು ಅವರೇ ಹೇಳಿದ್ದರು. ಬೈಗುಳ ಅಷ್ಟೆ ಎಂದಿದ್ದ ನಮ್ಮ ಬಾಲಬುದ್ಧಿಗೆ ಆ ಮುಜುಗರವೇ ಉತ್ತರ. ಮೆಮೊ ಬಂದ ತಿಂಗಳು ಸಂಬಳದ ದಿನ ಅವರು ಜವಾನನ ಕೈಯಲ್ಲಿ ಇಪ್ಪತ್ತೈದು ರೂಪಾಯಿ ಇಟ್ಟರಂತೆ. ಅವನು ತೆಗೆದುಕೊಂಡನಂತೆ. ‘ಸಾಹೇಬರು ನಿಮಗೆ ಕಾಗದದಲ್ಲಿ ಏನೋ ಬರೆದುಕೊಟ್ಟರಂತಲ್ಲ, ಅದರಲ್ಲಿ ಏನಿದೆ?’ ಎಂದು ಕೇಳಿದನಂತೆ. ತಂದೆ ಓದಿ ಹೇಳಿದರು. ಅವನು ಕೇಳಿಸಿಕೊಂಡು, ‘ನನಗೂ ಅಷ್ಟು ಹೇಳಿದ್ದರೆ ಸಾಕಿತ್ತು, ಸಾಬ್’ ಎಂದನಂತೆ.